ಮಹಬೂಬ್ ಬೀಯ ಕೊನೆಯ ಸ್ನಾನ

ಮಗಳು ಫರೀಹಾಳನ್ನು ಮಣ್ಣು ಮಾಡಿದ ಮೇಲೆ ಹುಸೇನ್ ಬೀ ಹೊಸದುರ್ಗದಲ್ಲಿ ಯಾರೊಡನೆಯೂ ನೆಟ್ಟಗೆ ಮಾತಾಡಿರಲಿಲ್ಲ, ಹೊಟ್ಟೆತುಂಬ ಉಂಡಿರಲಿಲ್ಲ. ಜ್ವರದಲ್ಲಿ ಬೇಯುತ್ತಿದ್ದ ಹುಡುಗಿಯನ್ನು ಅವಳ ಗಂಡನ ತಾಯಿ ಮಹಬೂಬ್ ಬೀ ಚಿತ್ರದುರ್ಗದ ಆಸ್ಪತ್ರೆಗೆ ಕಳಿಸದೆ, ತಾಯಿತ ಕಟ್ಟಿ ಮನೆಯಲ್ಲೇ ಮಲಗಿಸಿಕೊಂಡಿದ್ದಳು. ಕಳಿಸುವ ಹೊತ್ತಿಗೆ ಕಾಲ ಮೀರಿತ್ತು. ಹುಸೇನ್ ಬೀ ಒಂದು ನಮಾಜನ್ನೂ ತಪ್ಪಿಸಿದವಳಲ್ಲ. ಆದರೆ ಅಂದಿನಿಂದ ಪ್ರತಿ ದುವಾದ ಕೊನೆಗೂ ಆ ಹೆಂಗಸಿಗೊಂದು ಶಾಪ ಸೇರುತ್ತಿತ್ತು.

ಆ ಮಹಬೂಬ್ ಬೀ ಈಗ ಸತ್ತಳು. ಬಿಸಿಲೇರುವ ಮೊದಲೇ ಕೈಸರ್ ಆಪಾ ಬಾಗಿಲಿಗೆ ಬಂದು ನಿಂತಳು. ತೀರಿಹೋದ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವಳು ಅವಳು. ಅದಕ್ಕೆ ಕೂಲಿಯಿಲ್ಲ, ಅವಳು ಕೇಳಿದ್ದೂ ಇಲ್ಲ.

"ನನ್ನ ಜೊತೆಗಾತಿ ಮಗಳ ಬಾಣಂತನ ಅಂತ ಹಿರಿಯೂರಿಗೆ ಹೋಗವಳೆ. ಇನ್ನೊಂದು ಕೈ ಬೇಕು. ಏಳು."

"ಊರಾಗಿನ ಹೆಂಗಸ್ರೆಲ್ಲ ಸತ್ತು ಹೋದ್ರಾ?"

"ಅವ್ರಿಗೆಲ್ಲ ಹೆದರಿಕೆ. ನಿಂಗೆ ಬರೀ ಸಿಟ್ಟು. ಸಿಟ್ಟಿದ್ದೋರ ಕೈ ನಡುಗಲ್ಲ."

"ಪುಣ್ಯ ಬರ್ತೈತೆ ಅಂತ ಬೊಗಳಬ್ಯಾಡ ಮತ್ತೆ."

"ಪುಣ್ಯ ಅಲ್ಲಾಹನಿಗೆ ಬಿಟ್ಟಿದ್ದು. ನನ್ನ ಗಂಡ ಹೋದಾಗ ನಾನೂ ನಿನ್ನಂಗೇ ಗೋಡೆ ನೋಡ್ತಾ ಕುಂತಿದ್ದೆ. ಈ ಕೆಲ್ಸ ಹಿಡಿದ ಮೇಲೆ ಕಣ್ಣಿಗೆ ನಿದ್ದೆ ಹತ್ತಿತು. ಸತ್ತೋರಿಗೆ ಏನಾಗ್ತೈತೋ ಕಾಣೆ, ನಂಗಂತೂ ಒಳ್ಳೇದಾತು."

ಹುಸೇನ್ ಬೀ ಎದ್ದಳು. ಪಾಪಿಗಳ ಮುಖ ಸತ್ತ ಮೇಲೆ ಕಪ್ಪಿಡುತ್ತದೆಂದು ಅವಳು ಕೇಳಿದ್ದಳು. ಅದನ್ನು ಕಣ್ಣಾರೆ ಕಂಡು ಊರಿಗೆಲ್ಲ ಸಾರಬೇಕಿತ್ತು.

ಮಹಬೂಬ್ ಬೀಯ ಅಂಗಳದಲ್ಲಿ ಕಟ್ಟಿದ್ದ ಪರದೆಯೊಳಗೆ, ಹಲಗೆಯ ಮೇಲಿನ ಮುಖ ಕಪ್ಪಾಗಿರಲಿಲ್ಲ. ಹುಸೇನ್ ಬೀ ಎಲಚಿ ಎಲೆ ಹಾಕಿ ಕಾಯಿಸಿದ ನೀರನ್ನು ಚೊಂಬಿನಲ್ಲಿ ತುಂಬಿ, ಎಡಭುಜದ ಮೇಲೆ ದಬದಬ ಸುರಿದಳು.

"ಬಲಗಡೆಯಿಂದ ಕಣೇ! ಮೊದ್ಲು ನಿನ್ನ ಮೊಣಕೈಗೆ ಬಿಟ್ಕಂಡು ಬಿಸಿ ನೋಡು. ಹೊಸಬ್ರು ಕಲಿಯಾದೇ ಇಲ್ಲಿಂದ."

"ಇವಳಿಗೆ ಸುಟ್ರೆ ಏನೀಗ?"

"ನಿನ್ನ ಮಗಳಿಗೂ ಹಂಗೇ ನೋಡಿ ಹುಯ್ದಿದ್ದೆ."

ಹುಸೇನ್ ಬೀ ಮೊಣಕೈಗೆ ನೀರು ಬಿಟ್ಟುಕೊಂಡಳು.

ಮುಚ್ಚಿದ ಬಟ್ಟೆಯ ಕೆಳಗೆ ಮೈ ತೊಳೆಯುತ್ತಿದ್ದ ಕೈಸರ್ ತಟ್ಟನೆ ನಿಂತಳು. ಎದೆಗೆ ಬಿಗಿದಿದ್ದ ಹಳೆಯ ಸೀರೆ ತುಂಡನ್ನು ಬಿಚ್ಚಿದರೆ, ಒಳಗೆ ಗಂಟು ಒಡೆದು ಕೊಳೆತ ಹುಣ್ಣು. ನಾತ ಮೂಗಿಗೆ ಬಡಿಯಿತು.

"ವರ್ಷಗಟ್ಟಲೆ ಮುಚ್ಚಿಟ್ಟವಳೆ," ಎಂದಳು ಕೈಸರ್. "ಆಸ್ಪತ್ರೆ ಅಂದ್ರೆ ಹೆದರಿ ಸಾಯೋಳು."

ತನ್ನ ಮೈಯನ್ನೇ ವೈದ್ಯರಿಗೆ ತೋರಿಸದವಳು ಸೊಸೆಯನ್ನು ಕಳಿಸಿಯಾಳೆ? ಹುಸೇನ್ ಬೀಗೆ ಎಲ್ಲ ತಿಳಿಯಿತು. ತಿಳಿದಷ್ಟೂ ಸಿಟ್ಟೇರಿತು.

"ಹೇಡಿ ಮುಂಡೆ," ಎಂದಳು ಸತ್ತವಳಿಗೆ. "ನಿನ್ನ ಹೆದರಿಕೆಗೆ ನನ್ನ ಕೂಸು ಬೇಕಾಗಿತ್ತೇನೆ?"

ಕ್ಷಮಿಸುವ ಮನಸ್ಸು ಬರಲಿಲ್ಲ. ಆದರೂ ಹುಣ್ಣಿನ ಮೇಲೆ ನೀರನ್ನು ಧಾರೆಯಾಗಿ, ಮೆಲ್ಲಗೆ ಬಿಟ್ಟಳು.

"ಇಲ್ಲಿ ಕಂಡಿದ್ದು ಇವಳ ಜೊತೇಲೇ ಮಣ್ಣಾಗಬೇಕು," ಎಂದಳು ಕೈಸರ್. "ಬಾಯಿ ಕಟ್ಟಕೆ ಆಗಲ್ಲ ಅಂದ್ರೆ ಈ ಕೆಲ್ಸಕ್ಕೆ ಬರಬ್ಯಾಡ."

ಹೊರಗೆ ಕಾಲಿಟ್ಟೊಡನೆ ನೆರೆಮನೆಯ ಸಿಮ್ರಾನ್ ಸೆರಗು ಹಿಡಿದಳು. "ಖಾಲಾ, ಮುಖ ಹೆಂಗಿತ್ತು? ಎಂಥದೋ ನಾತ ಬಂತಲ್ಲ, ಮೈಮ್ಯಾಲೆ ಏನಿತ್ತು? ನೀವಾದ್ರೆ ಮುಚ್ಚಿಡಲ್ಲ, ಹೇಳ್ರಿ."

ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿತು. ಒಂದು ಮಾತು ಆಡಿದರೆ ಸಂಜೆಯೊಳಗೆ ಶ್ರೀರಾಂಪುರಕ್ಕೂ ಮುಟ್ಟುತ್ತಿತ್ತು. ಹುಸೇನ್ ಬೀ ಆ ಮಾತನ್ನು ನುಂಗಿದಳು, ಮುಳ್ಳು ನುಂಗಿದಂತಾಯಿತು.

"ನಿನ್ನ ಸರದಿ ಬರ್ಲಿ," ಎಂದಳು, "ನಿನ್ನ ಮೈಯೂ ನಾನೇ ತೊಳೀತೀನಿ. ಅದನ್ನೂ ಯಾರಿಗೂ ಹೇಳಲ್ಲ. ಬಿಡು ಸೆರಗು."

ಸಿಮ್ರಾನ್ ಕೆಂಡ ಮುಟ್ಟಿದವಳಂತೆ ಹಿಂದೆ ಸರಿದಳು. ಹಿಂದಿನಿಂದ ಬಂದ ಕೈಸರ್‌ಳತ್ತ ತಿರುಗಿಯೂ ನೋಡದೆ ಹುಸೇನ್ ಬೀ, "ಮುಂದಿನ ಸಲಾನೂ ನನ್ನ ಕರಿ," ಎಂದು ಗದರಿ ಹೊರಟಳು.

ಮನೆಗೆ ಬಂದು, ಮಿಂದು, ಒಲೆ ಹೊತ್ತಿಸಿದಳು. ಮಹಬೂಬ್ ಬೀಯನ್ನು ಬೈಯುತ್ತಲೇ ಅನ್ನ ಬಸಿದಳು, ಬೈಯುತ್ತಲೇ ಉಂಡಳು, ಇನ್ನೊಂದು ಸಲ ಬಡಿಸಿಕೊಂಡಳು.