ಹದಿನೈದು ಕಳೆದರೆ ಒಳಗಿನದು

"ರೀ, ಅಮ್ಮನ ಫೋನ್ ಯಾಕೆ ಸಿಗ್ತಿಲ್ಲ?" ಫೋನಿನಲ್ಲಿ ಹೆಂಡತಿಯ ದನಿ ನಡುಗುತ್ತಿತ್ತು. "ಆಸ್ಪತ್ರೆಯವರು ಬೆಳಿಗ್ಗೆ ನಾಲ್ಕು ಸಲ ಮಾಡಿದ್ರಂತೆ. ಸಂಪರ್ಕಕ್ಕೆ ಸಿಗ್ತಿಲ್ಲ ಅಂತಲೇ ಬಂತಂತೆ. ಆಮೇಲೆ ನನಗೆ ಮಾಡಿದಾರೆ, ನನ್ನದು ಕಾರ್ಖಾನೆ ಲಾಕರಿನಲ್ಲಿತ್ತು. ಈಗ ಶಿಫ್ಟ್ ಮುಗಿಸಿ ನೋಡಿದೆ. ಎರಡು ಗಂಟೆ ಕಾದು, ಅಮ್ಮನಿಗೆ ಅಂತ ಬಂದಿದ್ದ ದಾನಿಯ ಕಣ್ಣನ್ನ ಬೇರೆಯವರಿಗೆ ಕೊಟ್ಟುಬಿಟ್ರಂತೆ, ರೀ."

ಅವನದು ಮೊಬೈಲ್ ಕಂಪನಿಯಲ್ಲಿ ಸಿಗ್ನಲ್ ಅಳೆಯುವ ಕೆಲಸ. ಅವನು ಕಂಪನಿಯ ಕಾರಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಎದುರಿಗೆ ಸಾಲಾಗಿ ಅಂಟಿಸಿದ ನಾಲ್ಕು ಫೋನುಗಳು ತಮ್ಮಷ್ಟಕ್ಕೆ ತಾವೇ ಕರೆ ಮಾಡಿ ತಾವೇ ಇಡುತ್ತಿದ್ದವು. ಕಾರು ಹೋದ ದಾರಿಯುದ್ದಕ್ಕೂ ನಕ್ಷೆಯ ಮೇಲೆ ಚುಕ್ಕೆಗಳು ಬೀಳುತ್ತಿದ್ದವು. ಸಿಗ್ನಲ್ ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು.

"ನಾನು ಅವಳಿಗೆ ಹೇಗೆ ಹೇಳ್ಲಿ? ನೀವೇ ಹತ್ತಿರದಲ್ಲಿದ್ದೀರಲ್ಲ, ಹೋಗಿ," ಎಂದು ಹೆಂಡತಿ ಫೋನಿಟ್ಟಳು.

ಅತ್ತೆ ಮೂವತ್ತು ವರ್ಷ ಬಟ್ಟೆ ಹೊಲಿದವರು. ಎರಡು ಕಣ್ಣಿನ ಮೇಲೂ ಹಾಲಿನ ಕೆನೆಯಂತೆ ಬಿಳಿ ಕಟ್ಟಿತ್ತು. ದಾನಿಯ ಕಣ್ಣಿಗಾಗಿ ಪಟ್ಟಿಯಲ್ಲಿ ಹೆಸರು ಬರೆಸಿ ಹದಿನಾಲ್ಕು ತಿಂಗಳಾಗಿತ್ತು. ಬರೆಸಿದವನು ಇವನೇ. "ಫೋನ್ ಸಿಗುತ್ತೆ ತಾನೆ?" ಎಂದು ಅಲ್ಲಿಯ ನರ್ಸ್ ಕೇಳಿದಾಗ, "ಅದು ನನ್ನ ಜವಾಬ್ದಾರಿ ಬಿಡಿ," ಎಂದು ಎದೆಯುಬ್ಬಿಸಿ ಹೇಳಿದವನೂ ಇವನೇ.

ಅವನು ಡ್ರೈವರಿಗೆ ಕಾರನ್ನು ಅತ್ತೆಯ ಬೀದಿಗೆ ತಿರುಗಿಸಲು ಹೇಳಿದ.

"ಈ ಬೀದಿ ಹೋದ ವಾರಾನೇ ಮುಗಿಸಿದ್ವಲ್ಲ ಸಾರ್. ಹಸಿರೋ ಹಸಿರು," ಎಂದ ಡ್ರೈವರ್.

ಹಸಿರೇ, ಅದರಲ್ಲಿ ಸುಳ್ಳಿಲ್ಲ. ಆ ಬೀದಿಯ ಟವರಿನಲ್ಲಿ ಎರಡು ಬ್ಯಾಂಡ್, ಅಂದರೆ ಎರಡು ಬಗೆಯ ತರಂಗ. ಒಂಬೈನೂರು ಮೆಗಾಹರ್ಟ್ಸ್‌ನದು ನಿಧಾನಸ್ಥ, ಆದರೆ ಗೋಡೆ ತೂರಿ ಅಡುಗೆಮನೆಯ ತನಕ ಬರುತ್ತದೆ. ಸಾವಿರದ ಎಂಟುನೂರರದು ಬೀದಿಯಲ್ಲಿ ಮಹಾ ಶೂರ, ನಾಲ್ಕು ಗೋಡೆ ಅಡ್ಡ ಬಂದರೆ ಸುಸ್ತು. ಹೊಸ ಯಂತ್ರ ಕೂರಿಸಲು ಒಂಬೈನೂರನ್ನು ಹತ್ತು ದಿನ ನಿಲ್ಲಿಸಬೇಕಾಗಿತ್ತು. ಉಳಿದದ್ದು ಮನೆಗಳ ಒಳಗೆ ಸಾಕೇ ಎಂದು ಅಳೆದು ಬರೆಯುವುದು ಅವನ ಕೆಲಸ. ಮನೆಮನೆಗೆ ಹೋಗಿ ಬಾಗಿಲು ಬಡಿಯಲು ಯಾರಿಗೆ ಪುರುಸೊತ್ತು? ಬೀದಿಯಲ್ಲಿ ಬಂದ ಅಂಕಿಯಿಂದ ಗೋಡೆಗಳ ಲೆಕ್ಕಕ್ಕೆ ಹದಿನೈದು ಕಳೆದು, ಅದನ್ನೇ ಒಳಗೆ ಅಳೆದದ್ದೆಂದು ಬರೆಯುವುದು ಆ ಕಚೇರಿಯಲ್ಲಿ ಎಲ್ಲರಿಗೂ ರೂಢಿ. ಅವನೂ ಹಾಗೇ ಬರೆದಿದ್ದ, ಅದನ್ನು ನಂಬಿ ಒಂಬೈನೂರನ್ನು ನಿಲ್ಲಿಸಿದ್ದರು. ಅತ್ತೆಯ ಮನೆಯ ಗೇಟಿನ ಮುಂದೆ ಕಾರು ಒಂದು ನಿಮಿಷ ನಿಂತಿತ್ತು ಕೂಡ. ಒಳಗೆ ಹೋದರೆ ಒಂದು ಗಂಟೆ ಕೂರಿಸಿಬಿಡುತ್ತಾರೆ ಎಂದು ಮುಂದೆ ಸಾಗಿದ್ದ.

ಅತ್ತೆಯದು ಹಿಂಭಾಗದ ಮನೆ. ಮುಂದಿನ ಕಟ್ಟಡದ ಮೂರು ಮಹಡಿಗಳೂ ಅದಕ್ಕೆ ಬೆನ್ನು ತಿರುಗಿಸಿ ನಿಂತಿದ್ದವು. ಅವನ ಕೈಯಲ್ಲಿದ್ದ ಅಳತೆಯ ಫೋನಿನ ಅಂಕಿ ಓಣಿಯಲ್ಲೇ ಇಳಿಯತೊಡಗಿತು.

"ಅಳಿಯಂದ್ರಾ? ಬನ್ನಿ, ಬನ್ನಿ. ಹೆಜ್ಜೆ ಸದ್ದಲ್ಲೇ ಗೊತ್ತಾಯ್ತು." ಅತ್ತೆ ಕುರ್ಚಿಯ ಬೆನ್ನು ತಡವಿ ಈಚೆಗೆ ಎಳೆದರು. ಅವನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕರೆ ಬಂದದ್ದು, ಸಿಗದೆ ಹೋದದ್ದು, ಕಣ್ಣು ಇನ್ನೊಬ್ಬರಿಗೆ ಸಂದದ್ದು.

ಅತ್ತೆ ಕಿಟಕಿಯ ಕಟ್ಟೆಯತ್ತ ಕೈಚಾಚಿದರು. ಅಲ್ಲಿ ಒಂದು ಸ್ಟೀಲ್ ಲೋಟ, ಅದರೊಳಗೆ ಅವರ ಹಳೆಯ ಬಟನ್ ಫೋನು ನೆಟ್ಟಗೆ ನಿಂತಿತ್ತು.

"ಲೋಟದಲ್ಲಿಟ್ರೆ ರಿಂಗು ಜೋರಾಗಿ ಕೇಳುತ್ತೆ ಅಂತ ಇಟ್ಟಿದ್ದೆ. ಸ್ಟೀಲಿನೊಳಗೆ ಸಿಗ್ನಲ್ ಬರಲ್ಲ ಅಂತ ನೀವೇ ಒಂದ್ಸಲ ಹೇಳಿದ್ರಿ. ನನ್ನ ತಲೆಗೆ ಹೋಗ್ಲಿಲ್ಲ ನೋಡಿ. ನನ್ನ ಕೈಯಾರೆ ಕಳ್ಕೊಂಡೆ."

ಅವನು ಹೂಂ ಅಂದಿದ್ದರೆ ಸಾಕಿತ್ತು. ಲೋಟದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಹೆಂಡತಿಯೂ ನಂಬುತ್ತಿದ್ದಳು, ಕಚೇರಿಗೂ ತಿಳಿಯುತ್ತಿರಲಿಲ್ಲ. ಅವನ ನಾಲಿಗೆಯ ತುದಿಗೆ ಆ ಹೂಂ ಬಂದೇಬಿಟ್ಟಿತ್ತು, ಅದಕ್ಕಾಗಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಫೋನನ್ನು ಲೋಟದಿಂದ ತೆಗೆದ. ಸಿಗ್ನಲಿನ ಒಂದು ಗೆರೆಯೂ ಇಲ್ಲ. ಕಿಟಕಿಯ ಹೊರಗೆ ಕೈಚಾಚಿ ಹಿಡಿದ, ಇಲ್ಲ. ಬಚ್ಚಲು, ಅಡುಗೆಮನೆ, ಹೊಲಿಗೆ ಯಂತ್ರದ ಮೂಲೆ, ಎಲ್ಲಾ ಕಡೆ ಸುತ್ತಿದ. ಕೊನೆಗೆ ತನ್ನ ಅಳತೆಯ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದ. ಹಸಿರು ಬೀದಿಯ ಪಕ್ಕದಲ್ಲಿ ಒಂಟಿ ಕೆಂಪು ಚುಕ್ಕೆ ಬಿತ್ತು. ಕೆಲಸಕ್ಕೇ ಕುತ್ತು ಬರಬಹುದು ಎಂದು ಗೊತ್ತಿದ್ದೂ ಅದನ್ನು ಕಚೇರಿಯ ವರದಿಗೆ ಸೇರಿಸಿದ.

"ಲೋಟದ ತಪ್ಪಲ್ಲ ಅತ್ತೆ. ಲೋಟ ಇಲ್ದಿದ್ರೂ ಬರ್ತಿರ್ಲಿಲ್ಲ. ಹೋದ ವಾರ ಇದನ್ನ ಅಳೆಯೋಕೆ ಅಂತಲೇ ಈ ಬೀದಿಗೆ ಬಂದಿದ್ದೆ. ಒಳಗೆ ಬರದೇನೇ, ಬಂದು ಅಳೆದೆ ಅಂತ ಬರೆದುಬಿಟ್ಟೆ."

ಅತ್ತೆ ತಲೆ ಎತ್ತಿದರು.

"ಮಂಗಳವಾರ, ಮಧ್ಯಾಹ್ನ?"

"ಹೌದು."

"ಕಾರು ನಿಂತ ಸದ್ದು ಕೇಳಿಸ್ತು. ನೀವೇ ಅನ್ಕೊಂಡು ಒಲೆ ಮೇಲೆ ಅನ್ನಕ್ಕೆ ಎಸರಿಟ್ಟಿದ್ದೆ."

ಅತ್ತೆ ಎದ್ದು ಖಾಲಿ ಲೋಟವನ್ನು ತಡವಿ ತೆಗೆದುಕೊಂಡು ಅಡುಗೆಮನೆಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು. ಲೋಟ ತೊಳೆದು, ಒಳಗೆ ಬೆರಳಿಟ್ಟು ಮಟ್ಟ ನೋಡುತ್ತ ಮಡಕೆಯಿಂದ ನೀರು ತುಂಬಿಸಿ ತಂದರು.

"ಬಿಸಿಲಲ್ಲಿ ಬಂದಿದ್ದೀರಿ, ಕುಡೀರಿ," ಎಂದು ಅವನು ನಿಂತಿದ್ದ ಕಡೆಗಿಂತ ಒಂದು ಮಾರು ಆಚೆಗೆ, ಯಾರೂ ಇಲ್ಲದಲ್ಲಿಗೆ, ಲೋಟ ನೀಡಿದರು. ಅವನು ಸದ್ದು ಮಾಡದೆ ಸರಿದು ಲೋಟದ ಎದುರಿಗೆ ಹೋಗಿ ನಿಂತ.