ಕೊಡಚಾದ್ರಿಗೆ ಮೂರು ಪದರ

ಸೇಫ್ಟಿ ಪಿನ್ನಿಗೆ ಎಲಾಸ್ಟಿಕ್ ಸಿಕ್ಕಿಸಿ ಭವ್ಯಾ ಮಗಳ ಪ್ಯಾಂಟಿನ ಸೊಂಟಪಟ್ಟಿಯೊಳಗೆ ತೂರಿಸುತ್ತಿದ್ದಳು. ಪಿನ್ನು ಒಳಗೆಲ್ಲೋ ಸಿಕ್ಕಿಕೊಂಡರೆ ಬೆರಳಿನಿಂದ ತಡವಿ, ಬಟ್ಟೆಯನ್ನು ನೆರಿಗೆ ಮಾಡಿ, ಮತ್ತೆ ಮುಂದೆ ತಳ್ಳುತ್ತಿದ್ದಳು. ಪಕ್ಕದಲ್ಲಿ ಮಕ್ಕಳಿಬ್ಬರೂ ಮಲಗಿದ್ದರು. ಕೋಣೆಯಲ್ಲಿ ಓಡುತ್ತಿದ್ದದ್ದು ಫ್ಯಾನೊಂದೇ.

ಅಷ್ಟರಲ್ಲಿ ಗಂಡ ರಾಘವೇಂದ್ರ ಎರಡು ದೊಡ್ಡ ಚೀಲ ಹೊತ್ತು ಒಳಗೆ ಬಂದ. ಸಾಗರದ ಪೇಟೆಯಲ್ಲಿ ಅವನದು ಟೈಲ್ಸ್ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲು ನೋಡಿ ನೋಡಿ ಅವನಿಗೆ ಲೋಕದ ಸಕಲ ವಿದ್ಯೆಯೂ ಅರ್ಧರ್ಧ ಬಂದಿತ್ತು. ಮರುದಿನ ಮನೆಮಂದಿಯೆಲ್ಲ ಕೊಡಚಾದ್ರಿಗೆ ಹೊರಡುವುದಿತ್ತು, ಹಾಗಾಗಿ ಈ ಸಲ ಬಂದದ್ದು ಬೆಟ್ಟ ಹತ್ತುವ ವಿದ್ಯೆ. ವಿಡಿಯೋ ಒಂದರಲ್ಲಿ ಮಂಡಿಮಟ್ಟ ಹಿಮದಲ್ಲಿ ನಿಂತ ಯಾವನೋ ಒಬ್ಬ, ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರು ಎಂಥ ಬಟ್ಟೆ ಹಾಕಬೇಕೆಂದು ಹೇಳಿಕೊಟ್ಟಿದ್ದ.

"ಮೂರು ಪದರ ಬೇಕು ಕಣೆ," ಎಂದು ರಾಘವೇಂದ್ರ ಚೀಲ ಸುರಿದ. "ಒಳಗಿಂದು ಬೆವರು ಹೀರ್ಬೇಕು, ನಡುವಿಂದು ಬಿಸಿ ಹಿಡೀಬೇಕು, ಹೊರಗಿಂದು ಗಾಳಿ ತಡೀಬೇಕು."

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೆರಿಯಮ್ಮ ಎಲೆಯಡಿಕೆಯ ಕವಳ ಕೆನ್ನೆಗೆ ತಳ್ಳಿ, "ನಮ್ಮ ಕಾಲ್ದಾಗೆ ಒಂದೇ ಕಂಬಳಿ ಮೂರೂ ಮಾಡ್ತಿತ್ತು ಮಾರಾಯ. ಪಾಪ, ಅದಕ್ಕೆ ಮೊಬೈಲು ಗೊತ್ತಿರ್ಲಿಲ್ಲ," ಎಂದಳು.

ಹಾಗೆಂದವಳು ಸುಮ್ಮನಿದ್ದಳೇ? ಮಕ್ಕಳಿಗೆ ಶೀತವಾದರೆ ಎಂದು ತನ್ನ ಪೆಟ್ಟಿಗೆಯಿಂದ ಇನ್ನೆರಡು ಸ್ವೆಟರು, ಎರಡು ಮಂಗನ ಟೋಪಿ ತಂದು ರಾಶಿಗೆ ಸೇರಿಸಿದಳು. ವಿಜ್ಞಾನಕ್ಕೂ ಅಜ್ಜಿಗೂ ಉಳಿದ ವಿಷಯದಲ್ಲಿ ಜಗಳವಿರಬಹುದು, ಮಕ್ಕಳಿಗೆ ಬಟ್ಟೆ ತುರುಕುವ ವಿಷಯದಲ್ಲಿ ಇಲ್ಲ.

ಜಾಕೆಟ್ಟುಗಳೋ, ಮಕ್ಕಳ ಮೊಣಕಾಲಿನವರೆಗೆ ಬರುವಂಥವು. ಒಂಬತ್ತು ವರ್ಷದ ಪೂರ್ಣೇಶನಿಗೂ ಆರು ವರ್ಷದ ಸಿಂಚನಾಳಿಗೂ ಅವು ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಆಗಬೇಕೆಂದು ರಾಘವೇಂದ್ರನ ಲೆಕ್ಕ. ಕೊನೆಗೆ ಎಲ್ಲರ ರೈನ್‌ಕೋಟುಗಳೂ ಬಂದವು. ಡಿಸೆಂಬರಿನಲ್ಲಿ ಮಳೆ ಎಲ್ಲಿಂದ ಬರಬೇಕು? ಆದರೆ ಮಲೆನಾಡಿನವರಿಗೆ ಗುಡ್ಡವೆಂದರೆ ಮಳೆ. ರೈನ್‌ಕೋಟು ಬಿಟ್ಟು ಗುಡ್ಡಕ್ಕೆ ಹೊರಡುವುದೆಂದರೆ ಚಪ್ಪಲಿ ಬಿಟ್ಟು ಪೇಟೆಗೆ ಹೊರಟ ಹಾಗೆ.

ಭವ್ಯಾಳ ಬಟ್ಟೆಯ ಪ್ರಸ್ತಾಪ ಯಾರೂ ಎತ್ತಲಿಲ್ಲ. ಹಿಮದಲ್ಲಿ ನಿಂತವನು ತಾಯಂದಿರ ಬಗ್ಗೆ ಏನೂ ಹೇಳಿರಲಿಲ್ಲವೇನೋ. ಅವಳೇ ಅಂಜುತ್ತ, "ಅತ್ತೆ, ನಾನು ಚೂಡಿದಾರ ಹಾಕ್ಕೊಳ್ಲಾ?" ಎಂದು ಕೇಳಿದಳು.

"ಹಾಕ್ಕಳೆ. ಸೀರೆ ಉಟ್ಕಂಡು ಮಕ್ಕಳ ಹಿಂದೆ ಓಡಾಕಾಗ್ತದಾ?" ಎಂದಳು ಕೆರಿಯಮ್ಮ.

ಅಷ್ಟು ಸಾಕಾಗಿತ್ತು ಭವ್ಯಾಳಿಗೆ. ಅವಳ ತವರು ಹೊಸನಗರ ತಾಲ್ಲೂಕಿನಲ್ಲಿ, ಕೊಡಚಾದ್ರಿಯ ಬುಡದಲ್ಲೇ. ಬೆಳಿಗ್ಗೆ ಹಲ್ಲುಜ್ಜುತ್ತ ತಲೆ ಎತ್ತಿದರೆ ಗುಡ್ಡದ ನೆತ್ತಿ ಕಾಣುತ್ತಿತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ. ದೂರದೂರದವರೆಲ್ಲ ಬಂದು ಹತ್ತಿ ಇಳಿದು ಹೋಗುತ್ತಿದ್ದ ಗುಡ್ಡವನ್ನು ಅವಳು ಹತ್ತಿರಲಿಲ್ಲ. ಶಾಲೆಯವರು ಕರೆದೊಯ್ದ ವರ್ಷ ಅಮ್ಮನ ಬಾಣಂತನವಿತ್ತು, ಇವಳು ಮಗು ಆಡಿಸುತ್ತ ಮನೆಯಲ್ಲುಳಿದಳು. ಮದುವೆಯಾದ ಹೊಸತರಲ್ಲಿ ಹೊರಟಾಗ ಬಸುರಿ, ಜೀಪು ಹತ್ತಬಾರದೆಂದರು. "ನಿಮ್ಮೂರ ಗುಡ್ಡ ಮೇಲೆ ಹ್ಯಾಂಗೈತೆ?" ಎಂದು ಸಾಗರದ ಅಕ್ಕಪಕ್ಕದವರು ಕೇಳಿದರೆ, "ಚೆಂದ ಐತೆ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಈ ಸಲ ಮಾತ್ರ ತುದಿ ನೋಡಿಯೇ ಬರಬೇಕು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಡುತ್ತದೆಂದು ಭಯ.

ಗುಡ್ಡದ ಕೆಳಗಿನ ಹೋಂಸ್ಟೇಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ವಿನೋದನೆಂಬವನ ಜೀಪಿನಲ್ಲಿ ಹೊರಟರು. ಹೊಂಡದ ದಾರಿಯಲ್ಲಿ ಜೀಪು ಕುಣಿಸಿದ ಕುಣಿತಕ್ಕೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ದಪ್ಪ ಬಟ್ಟೆಯಿದ್ದದ್ದರಿಂದ ಯಾರಿಗೂ ನೋವಾಗಲಿಲ್ಲ. "ನೋಡಿದ್ಯಾ ಮೂರು ಪದರದ ಉಪಯೋಗ?" ಎಂದ ರಾಘವೇಂದ್ರ.

ದೇವಿಯ ದೇವಸ್ಥಾನದ ಹತ್ತಿರ ಇಳಿಸಿ ವಿನೋದ, "ನೀವು ಮೇಲೆ ಹೋಗಿ ಬನ್ನಿ. ಅಷ್ಟ್ರಲ್ಲಿ ಕೆಳಗೆ ಕೆಟ್ಟು ನಿಂತಿರೋ ನಮ್ಮೋರ ಜೀಪು ನೋಡ್ಕಂಡು ಬರ್ತೀನಿ," ಎಂದು ಹೊರಟುಹೋದ. ಅಲ್ಲಿಂದ ತುದಿಯ ಕಲ್ಲುಮಂಟಪಕ್ಕೆ ಕಾಲುದಾರಿ. ಬಿಸಿಲು ಚುರುಗುಟ್ಟುತ್ತಿತ್ತು. ಹಿಮದವನು ಹೇಳಿದ್ದ ಗಾಳಿಯ ಸುಳಿವೇ ಇರಲಿಲ್ಲ.

ಮೊದಲ ತಿರುವಿನಲ್ಲೇ ಸಿಂಚನಾ ಟೋಪಿ ಕಿತ್ತಳು. "ಅಮ್ಮ, ಇದು ಹಿಡ್ಕೋ."

ಭವ್ಯಾ ಹಿಡಿದುಕೊಂಡಳು. ಬೆನ್ನಿನ ಚೀಲದಲ್ಲಿ ರೈನ್‌ಕೋಟುಗಳೇ ತುಂಬಿದ್ದವು, ಕರವಸ್ತ್ರಕ್ಕೂ ಜಾಗವಿರಲಿಲ್ಲ. ಹಿಂದೆಯೇ ಜಾಕೆಟ್ಟು ಬಂತು. ಪೂರ್ಣೇಶ ತನ್ನ ಜಾಕೆಟ್ಟಿನ ಅಂಚು ತಾನೇ ತುಳಿದು ಮುಗ್ಗರಿಸಿ, "ಥೂ, ಇದು ಅಪ್ಪನ್ದಾ ನನ್ದಾ?" ಎಂದು ಬಿಚ್ಚಿ ಅಮ್ಮನ ಹೆಗಲಿಗೆ ಎಸೆದ. ಆಮೇಲೆ ಸ್ವೆಟರುಗಳು. ಇನ್ನೊಂದು ತಿರುವು ಕಳೆಯುವಷ್ಟರಲ್ಲಿ ರಾಘವೇಂದ್ರನ ಗಾಳಿ ತಡೆಯುವ ಪದರ, ಬಿಸಿ ಹಿಡಿಯುವ ಪದರ ಎರಡೂ ಬಂದವು. ಬೆವರು ಹೀರುವುದು ಮಾತ್ರ ಅವನ ಮೈಗಂಟಿಕೊಂಡು ತನ್ನ ಕೆಲಸ ಮಾಡುತ್ತಿತ್ತು.

"ಒಂದಾದ್ರೂ ನೀವು ಇಟ್ಕೊಳ್ಳಿ," ಎಂದಳು ಮೆಲ್ಲಗೆ.

"ವಿಡಿಯೋ ಮಾಡ್ತಿದೀನಲ್ಲೆ, ಕೈ ಅಲ್ಲಾಡ್ತದೆ."

ಕೆರಿಯಮ್ಮ ಬರಿಗಾಲಲ್ಲಿ ಎಲ್ಲರಿಗಿಂತ ಮುಂದಿದ್ದಳು. ಅವಳ ಕೈಯಲ್ಲಿ ಮಂಟಪದ ದೇವರಿಗೆಂದು ಹಣ್ಣುಕಾಯಿ. ಅದರ ಜೊತೆ ಬೆವರಿನ ಬಟ್ಟೆ ಮುಟ್ಟುವ ಹಾಗಿಲ್ಲ.

ಭವ್ಯಾ ಎರಡು ಜಾಕೆಟ್ಟುಗಳ ತೋಳನ್ನು ಸೊಂಟಕ್ಕೆ ಕಟ್ಟಿಕೊಂಡಳು, ಒಂದನ್ನು ಕೊರಳಿಗೆ, ಉಳಿದದ್ದನ್ನು ಎರಡೂ ತೋಳಿಗೆ. ಎದುರಿನಿಂದ ಇಳಿದು ಬರುತ್ತಿದ್ದ ಗಂಡ ಹೆಂಡತಿ ಅವಳನ್ನು ನೋಡಿ ನಿಂತರು. "ಜಾಕೆಟ್ ಬಾಡಿಗೆಗೆ ಕೊಡ್ತೀರಾ? ಚಿಕ್ಕ ಸೈಜ್ ಇದ್ಯಾ?" ಎಂದು ಆ ಹೆಂಗಸು ಒಂದರ ಬಟ್ಟೆಯನ್ನು ಬೆರಳಲ್ಲಿ ಉಜ್ಜಿಯೂ ನೋಡಿದಳು.

ರಾಘವೇಂದ್ರ ನಕ್ಕ ನಗುವಿಗೆ ವಿಡಿಯೋ ಅಲ್ಲಾಡಿತು. "ಟೈಲ್ಸ್ ಬಿಟ್ಟು ನಾನೂ ಇದಕ್ಕೇ ಇಳೀತೀನಿ ಕಣೆ!" ಮಕ್ಕಳೂ ನಕ್ಕರು. ಭವ್ಯಾ ನಗಲಿಲ್ಲ, ಮುಖ ಕೆಂಪಾಗಿ ದಾರಿಯ ಪಕ್ಕಕ್ಕೆ ಸರಿದಳು.

ಅಲ್ಲೊಂದು ಗಿಡವಿತ್ತು. ಸುತ್ತ ನೋಡಿ, ಒಂದು ಜಾಕೆಟ್ಟನ್ನು ಅದರ ಕೊಂಬೆಗೆ ಹಾಕಿದಳು. ಬರುವಾಗ ತೆಗೆದುಕೊಂಡರಾಯಿತು, ಜಾಕೆಟ್ಟೇನು ನಡೆದು ಹೋಗುತ್ತದೆಯೇ? ಎರಡನೆಯದನ್ನೂ ಎತ್ತಿದ್ದಳು, ಮೇಲಿನ ತಿರುವಿನಿಂದ ಕೆರಿಯಮ್ಮನ ಕೂಗು ಬಂತು.

"ಅಯ್ಯಯ್ಯ, ತೆಗೀ! ತೆಗಿಯೇ! ದೇವರ ಗುಡ್ಡದಾಗೆ ಮೈಮೇಲಿನ ಬಟ್ಟೆ ಗಿಡಕ್ಕೆ ಹಾಕ್ತಾರಾ? ಹರಕೆ ಬಿಟ್ಟಂಗಾತದೆ. ಆಮೇಲೆ ವಾಪಸ್ ತಗಳಂಗಿಲ್ಲ!"

ಹೊಸ ಜಾಕೆಟ್ಟು ದೇವಿಯ ಪಾಲಾಗುವುದೆಂದರೆ ರಾಘವೇಂದ್ರನೂ ಬೆಚ್ಚಿದ. "ತೆಗಿ ತೆಗಿ. ಬ್ರ್ಯಾಂಡೆಡ್ ಅದು," ಎಂದ. ದೇವಿ ಅದನ್ನು ಎಸ್ಸೆಸ್ಸೆಲ್ಸಿವರೆಗೂ ಹಾಕಿಕೊಳ್ಳುವಳೇನೋ ಎಂಬಂತೆ ಭವ್ಯಾ ಗಿಡವನ್ನೊಮ್ಮೆ ನೋಡಿ, ಜಾಕೆಟ್ಟನ್ನು ಮತ್ತೆ ಹೆಗಲಿಗೇರಿಸಿದಳು.

ಕೊನೆಯ ಏರು ಕಡಿದಾಗಿತ್ತು. ಕಲ್ಲು ಹಿಡಿದುಕೊಂಡೇ ಹತ್ತಬೇಕು. ಹಿಡಿಯಲು ಅವಳಿಗೆ ಕೈ ಇರಲಿಲ್ಲ. ಎರಡು ಹೆಜ್ಜೆ ಇಟ್ಟಳು, ಸ್ವೆಟರು ಜಾರಿತು. ಸ್ವೆಟರು ಹಿಡಿಯಲು ಬಗ್ಗಿದಳು, ಟೋಪಿ ಉರುಳಿತು.

"ನೀ ಅಲ್ಲೇ ಕೂತ್ಕೋ," ಎಂದ ರಾಘವೇಂದ್ರ ಮೇಲಿನಿಂದ. "ಇಲ್ಲಿ ಎಂತದೂ ಇಲ್ಲ, ಬರೀ ಕಲ್ಲು. ನಾ ವಿಡಿಯೋ ತೋರಿಸ್ತೀನಿ."

ಅವಳು ಕುಳಿತಳು. ತಲೆಯ ಮೇಲೆ ಕಲ್ಲುಮಂಟಪದ ಒಂದು ಮೂಲೆ ಕಾಣುತ್ತಿತ್ತು. ಅದರಾಚೆ ಬರೀ ಆಕಾಶ. ಮಕ್ಕಳ ಕೇಕೆ, ಅತ್ತೆ ಕಾಯಿ ಒಡೆದ ಸದ್ದು ಕೇಳಿಸಿದವು. "ಅಜ್ಜೀ, ಅಲ್ನೋಡು ಸಮುದ್ರ!" ಎಂದು ಪೂರ್ಣೇಶ ಕೂಗಿದ. ಸಮುದ್ರ ಕಾಣುತ್ತದೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಮಂಟಪದ ಆಚೆ ಬದಿಯಲ್ಲಿ ಮಾತ್ರ ಹಿಮದವನ ಗಾಳಿ ನಿಜವಾಗಿ ಕಾಯುತ್ತಿತ್ತು. ಬೆವರಿದ ಮೈಗೆ ಅದು ತಾಗಿದ್ದೇ ತಡ, ಮಕ್ಕಳು ಹಲ್ಲು ಕಟಕಟಿಸುತ್ತ ಓಡಿ ಇಳಿದರು. ಹಿಂದೆಯೇ ಅಪ್ಪ, ಅಜ್ಜಿ. "ಅಮ್ಮಾ, ಚಳಿ! ತಾ, ತಾ!" ಮಕ್ಕಳೂ ಗಂಡನೂ ಅವಳ ಮೈಮೇಲಿಂದ ತಮ್ಮತಮ್ಮದನ್ನು ಎಳೆದುಕೊಂಡರು. ಸ್ವೆಟರು, ಜಾಕೆಟ್ಟು, ಟೋಪಿ ಎಲ್ಲವೂ ಯಜಮಾನರನ್ನು ಸೇರಿದವು.

"ಈಗ ಗೊತ್ತಾಯ್ತಾ ಪದರ ಎಂತಕ್ಕೆ ಅಂತ?" ಎಂದು ರಾಘವೇಂದ್ರ ಜಿಪ್ಪು ಏರಿಸಿದ.

"ನಡೀರಿ ನಡೀರಿ, ಮಕ್ಕಳಿಗೆ ಶೀತ ಆತದೆ," ಎಂದು ಕೆರಿಯಮ್ಮ ಇಬ್ಬರನ್ನೂ ಮುಂದೆ ಹಾಕಿಕೊಂಡು ಇಳಿಯತೊಡಗಿದಳು.

ಭವ್ಯಾ ಎದ್ದು ನಿಂತಳು. ಎರಡೂ ಕೈ ಖಾಲಿ. ಮೇಲೆ ಹತ್ತಿಪ್ಪತ್ತು ಹೆಜ್ಜೆಯ ಏರು, ಅದರಾಚೆ ತುದಿ.

"ರೀ," ಎಂದಳು. ರಾಘವೇಂದ್ರ ಮೊಬೈಲಿನಲ್ಲಿ ಸಮುದ್ರ ಸರಿಯಾಗಿ ಬಂದಿದೆಯೇ ಎಂದು ನೋಡುತ್ತ ಇಳಿಯುತ್ತಿದ್ದ. ಯಾರೂ ತಿರುಗಲಿಲ್ಲ. ಅವಳು ಎಂದೂ ಎತ್ತದಷ್ಟು ದನಿ ಎತ್ತಿ ಇನ್ನೊಮ್ಮೆ ಹೇಳಿದಳು:

"ಒಂದೈದು ನಿಮಿಷ ನಿಲ್ಲಿ, ನಾನೂ ಮೇಲೆ ಹೋಗಿ ನೋಡ್ಕಂಡು ಬರ್ತೀನಿ."