ಕಾಲರಿನ ಮೂಲೆ

ನನ್ನ ಬಳಿ ಗಿಟಾರ್ ಕಲಿಯಲು ಬರುವ ದಂತವೈದ್ಯರಿಗೆ ಬೆರಳಿಗಿಂತ ಬಾಯಿ ಚುರುಕು. ಆ ದಿನ ತಂತಿ ಬಿಗಿ ಮಾಡುತ್ತಲೇ ಕೇಳಿದರು.

"ಮೇಡಂ, ಒಂದು ಡೌಟು. ಗಿಟಾರ್ ನುಡಿಸೋರು ದೊಡ್ಡೋರಾಗೋದು ಹೆಸರಿಂದಾನಾ, ಕೈಚಳಕದಿಂದಾನಾ?"

"ಯಾಕೆ, ಹಲ್ಲು ಕೀಳೋದು ಬಿಟ್ಟುಬಿಡ್ತೀರಾ?"

"ಹಾಗಲ್ಲ. ನಿಮ್ಮಕ್ಕ ಅಷ್ಟು ಫೇಮಸ್ಸು. ಆದ್ರೆ ನಿಮ್ಮ ಕೈಯಲ್ಲಿರೋ ಸ್ಪೀಡು ಅವರಿಗಿಲ್ಲ. ನಿಮ್ಮಿಬ್ಬರಲ್ಲಿ ಯಾರು ದೊಡ್ಡೋರು?"

"ಅವಳೇ. ನನಗಿಂತ ಮೂರು ವರ್ಷಕ್ಕೆ."

ಅವರು ಬಿದ್ದುಬಿದ್ದು ನಕ್ಕರು. ನಾನು ಮೆಟ್ರೊನೋಮಿಗೆ ಕೀ ಕೊಟ್ಟೆ. ಟಕ್ ಟಕ್ ಎಂದು ತಾಳ ಎಣಿಸುವ ಆ ಮರದ ಪೆಟ್ಟಿಗೆ, ಅಮ್ಮ ಹೋದಾಗಿನಿಂದ, ಅವಳ ಹೊಲಿಗೆ ಮಷಿನ್ನಿನ ಮುಚ್ಚಳದ ಮೇಲೆ ಕೂತಿದೆ. ಆ ಕ್ಷಣಕ್ಕೆ ಅಕ್ಕ ಒಳಗಿನ ಕೋಣೆಯಲ್ಲೇ ಮಲಗಿದ್ದಳು ಎಂಬುದು ದಂತವೈದ್ಯರಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಆ ಪ್ರಶ್ನೆಯನ್ನು ಅವಳನ್ನೂ ಎಬ್ಬಿಸಿ ಕೇಳುತ್ತಿದ್ದರು.

ಅವಳು ಬಂದದ್ದು ಬೆಳಿಗ್ಗೆ. ಭಾನುವಾರ ನಮ್ಮೂರಿನ ಸಭಾಂಗಣದಲ್ಲಿ ಅವಳ ಕಾರ್ಯಕ್ರಮವಿತ್ತು. ಬೀದಿಯ ತಿರುವಿನಲ್ಲೆಲ್ಲ ಅವಳ ಮುಖ ಅಂಟಿಸಿದ್ದರು. ಹೋಟೆಲಿಗೆ ಹೋಗದೆ ನೇರ ಮನೆಗೆ ಬಂದವಳು ಊಟಕ್ಕೆ ಕೂತಾಗ ಎಡಗೈಯನ್ನು ಮೇಜಿನ ಮೇಲೆ ಚಾಚಿದಳು. ಉಂಗುರದ ಬೆರಳು ಅರ್ಧ ಮಡಚಿಕೊಂಡೇ ಇತ್ತು.

"ಬಿಚ್ಚೋಕೆ ಆಗಲ್ಲ ಕಣೇ. ಡಾಕ್ಟರು ಆಪರೇಷನ್ ಅಂದಿದ್ದಾರೆ. ಆದ್ರೂ ಮೊದಲಿನ ಹಾಗೆ ಆಗತ್ತೆ ಅಂತ ಹೇಳಲ್ಲ."

"ಹಾಗಾದ್ರೆ ಭಾನುವಾರ?"

"ಅದಕ್ಕೇ ಬಂದಿದ್ದು. ಬೇರೆ ಎಲ್ಲಾನೂ ಹೇಗೋ ನಿಭಾಯಿಸ್ತೀನಿ. ಆ ಟ್ಯೂನು ಆಗಲ್ಲ. ಅದನ್ನ ನುಡಿಸದೆ ಎದ್ರೆ ಜನ ಬಿಡಲ್ಲ. ನನಗೂ ಇದೇ ಕೊನೇ ಕಾರ್ಯಕ್ರಮ ಅನ್ಸತ್ತೆ." ಅನ್ನ ಕಲಸುತ್ತಾ, ನನ್ನತ್ತ ನೋಡದೆ ಹೇಳಿದಳು. "ಮೇಲಿನ ಸ್ವರ ನೀನು ನುಡಿಸು. ಕೆಳಗಿನದು ನಾನು ಹಿಡ್ಕೋತೀನಿ. ಇಬ್ಬರೂ ಕೂರೋಣ."

ಆ ಟ್ಯೂನಿನ ಜೊತೆ ನನಗೊಂದು ಹಳೆಯ ವ್ಯಾಜ್ಯವಿದೆ. ಹುಡುಗಿಯರಾಗಿದ್ದಾಗ ಒಂದು ಸ್ಪರ್ಧೆಯಲ್ಲಿ ನಾವಿಬ್ಬರೂ ಅದನ್ನೇ ನುಡಿಸಿದ್ದೆವು. ಒಂದು ಸ್ವರವೂ ತಪ್ಪದೆ ನುಡಿಸಿದ ನನಗೆ ಮೊದಲ ಬಹುಮಾನ. ನಡುನಡುವೆ ತಾಳ ಬಿಟ್ಟ ಅಕ್ಕನಿಗೆ ಏನೂ ಇಲ್ಲ. ಆದರೆ ಕೊನೆಯ ಸಾಲಿನಲ್ಲಿ ಕೂತಿದ್ದ ರೆಕಾರ್ಡಿಂಗ್ ಕಂಪನಿಯವನೊಬ್ಬ ಹುಡುಕಿಕೊಂಡು ಹೋದದ್ದು ಅವಳನ್ನು. ಮುಂದೆ ಪತ್ರಿಕೆಯವರು ಅವಳು ತಾಳ ಬಿಡುವುದಕ್ಕೆ 'ನಿಟ್ಟುಸಿರು' ಎಂದು ಹೆಸರಿಟ್ಟರು. ನನ್ನ ಬಹುಮಾನದ ಕಪ್ ಬೀರುವಿನ ಮೇಲೆ ಬಣ್ಣಗೆಟ್ಟಿತು. ನಾನು ಮದುವೆಯಾದೆ, ಮಕ್ಕಳನ್ನು ಹೆತ್ತೆ, ಇನ್ನೊಬ್ಬರ ಮಕ್ಕಳಿಗೆ ಗಿಟಾರ್ ಕಲಿಸಿದೆ. ಅಸೂಯೆ ಎಂದು ಅದನ್ನು ನಾನೆಂದೂ ಕರೆಯಲಿಲ್ಲ. ಅಕ್ಕನ ಗಿಟಾರ್ ರೇಡಿಯೊದಲ್ಲಿ ಬಂದಾಗ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು, ಅಷ್ಟೆ.

"ಆಯ್ತು," ಎಂದೆ. ಯಾಕೆಂದರೆ ಅವಳು ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು, ಚಿಕ್ಕವಳಿದ್ದಾಗ ಒಡೆದ ಲೋಟವನ್ನು ಅಮ್ಮನಿಂದ ಮುಚ್ಚಿಟ್ಟ ಹಾಗೆ.

ಮಧ್ಯಾಹ್ನವೇ ಅಭ್ಯಾಸಕ್ಕೆ ಕೂತೆವು. ನಾನು ನುಡಿಸಿದೆ. ಬೆರಳುಗಳು ನೀರಿನ ಹಾಗೆ ಹರಿದವು. ಅಕ್ಕ ನಡುವೆಯೇ ಕೈ ಎತ್ತಿದಳು.

"ಏ ಗಡಿಯಾರ, ನಿಲ್ಲು."

ಆ ಅಡ್ಡಹೆಸರು ಕೇಳಿ ಎಷ್ಟು ವರ್ಷವಾಗಿತ್ತೋ!

"ಎಲ್ಲಿ ತಪ್ಪಾಯ್ತು?"

"ಎಲ್ಲೂ ಇಲ್ಲ. ಅದೇ ತೊಂದ್ರೆ. ಅಲ್ಲಿ ನಿಲ್ಲಬೇಕು ಕಣೇ."

"ಎಷ್ಟು ಹೊತ್ತು? ಅರ್ಧ ಮಾತ್ರೇನಾ, ಒಂದಾ? ಎಣಿಸಿ ಹೇಳು."

"ಎಣಿಸೋಕೆ ನನಗೇನು ಗೊತ್ತು? ಅಮ್ಮ ತಿರುಗಿಸೋ ತನಕ."

"ಅಮ್ಮ ಏನನ್ನ ತಿರುಗಿಸೋ ತನಕ?"

ಅಕ್ಕ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ನನ್ನನ್ನೇ ನೋಡಿದಳು. "ತಮಾಷೆ ಮಾಡ್ತಿದ್ದೀಯಾ? ಕಾಲರ್ ಕಣೇ! ನಿನಗೆ ಗೊತ್ತಿಲ್ವಾ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಮ್ಮದು ಆಗ ಒಂದು ಕೋಣೆ, ಒಂದು ಅಡುಗೆಮನೆ. ಅಮ್ಮ ಬಟ್ಟೆ ಅಂಗಡಿಯೊಂದಕ್ಕೆ ಶರ್ಟಿನ ಕಾಲರುಗಳನ್ನು ಹೊಲಿದುಕೊಡುತ್ತಿದ್ದಳು. ನಮಗೆ ಗಿಟಾರ್ ಕಲಿಸುತ್ತಿದ್ದ ಮೇಷ್ಟ್ರು ಜಾಣೆಯೆಂದು ನನಗೆ ಮೆಟ್ರೊನೋಮ್ ಕೊಟ್ಟಿದ್ದರು. ಮಷಿನ್ನಿನ ಗದ್ದಲದಲ್ಲಿ ಅದು ಕೇಳಿಸುವುದಿಲ್ಲವೆಂದು ನಾನು ಅಡುಗೆಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಕ್ಕನಿಗೆ ಉಳಿದ ಜಾಗವೆಂದರೆ ಅಮ್ಮನ ಕಾಲಬುಡ. ಅಲ್ಲೇ ಕೂತು ಮಷಿನ್ನಿನ ಸದ್ದಿನ ಜೊತೆಗೇ ನುಡಿಸುತ್ತಿದ್ದಳು.

ಅಕ್ಕ ಎದ್ದಳು. ಮೆಟ್ರೊನೋಮನ್ನು ಎತ್ತಿ ಕಿಟಕಿಯಲ್ಲಿಟ್ಟು ಮುಚ್ಚಳ ತೆರೆದಳು. ಎಣ್ಣೆ, ದೂಳು, ಹಳೆಯ ನೂಲಿನ ವಾಸನೆ ಒಟ್ಟಿಗೆ ಮೇಲೆದ್ದಿತು. ಮಡಚಿಟ್ಟಿದ್ದ ನನ್ನ ದಿಂಬಿನ ಚೀಲವೊಂದನ್ನು ಸೂಜಿಯ ಕೆಳಗೆ ಸಿಕ್ಕಿಸಿ ಪೆಡಲ್ ತುಳಿದಳು.

"ಅಯ್ಯೋ, ಅದು ಒಳ್ಳೇ ದಿಂಬಿನ ಚೀಲ!"

"ಸುಮ್ನೆ ನುಡಿಸೇ, ಜಿಪುಣಿ."

ಕಟಕಟಕಟ ಎಂದು ಮಷಿನ್ನು ಓಡಿತು. ನಾನು ಅದರ ಹಿಂದೆ ಓಡಿದೆ. ಅಂಚು ಮುಗಿಯುವಲ್ಲಿ ಅವಳ ಕಾಲು ನಿಂತಿತು. ನಾನು ಮುಂದಕ್ಕೆ ಹೋಗಿಬಿಟ್ಟಿದ್ದೆ. ಮತ್ತೆ ಮೊದಲಿನಿಂದ. ಈ ಸಲ ನಿಂತೆ, ಆದರೆ ತಂತಿಯಿಂದ ಬೆರಳು ಎತ್ತಿದೆ.

"ಎತ್ತಬೇಡ! ಅಮ್ಮ ಮೂಲೆಯಲ್ಲಿ ಸೂಜೀನ ಬಟ್ಟೆಯೊಳಗೇ ಬಿಡ್ತಿದ್ಲು, ನೆನಪಿಲ್ವಾ? ಸೂಜಿ ಎತ್ತಿದ್ರೆ ಮೂಲೆ ಜಾರತ್ತೆ. ಬೆರಳು ಅಲ್ಲೇ ಇರ್ಲಿ. ಸ್ವರ ತಾನಾಗೇ ಸಣ್ಣಗಾಗ್ಲಿ. ಅವಳು ಬಟ್ಟೆ ತಿರುಗಿಸ್ಲಿ. ಆಮೇಲೆ ಹೊರಡು."

"ಮತ್ತೆ ಪತ್ರಿಕೆಯವರು ನಿಟ್ಟುಸಿರು ಅಂತ ಬರೆದಾಗ ನೀನು ಹೇಳಲಿಲ್ವಾ?"

"ಹೇಳಿದ್ದೆ. ಕಾಲರು ಅಂತ ಬರೆದ್ರೆ ಚೆನ್ನಾಗಿರಲ್ಲ ಅಂದ್ರು." ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿನ್ನ ಕೈ ನನಗಿದ್ದಿದ್ರೆ ಅಂತ ಪ್ರತಿ ಸ್ಟೇಜಿನ ಮೇಲೂ ಅಂದ್ಕೊಂಡಿದ್ದೀನಿ ಕಣೇ. ವೇಗದ ಜಾಗ ಬಂದ್ರೆ ಹೇಗೋ ದಾಟ್ಕೊಂಡು ಹೋಗ್ತಿದ್ದೆ. ಜನ ಚಪ್ಪಾಳೆ ಹೊಡೀತಿದ್ರೆ, ಒಬ್ಬಳಿಗಂತೂ ಗೊತ್ತು, ಮನೇಲಿ ಕೂತು ಎಣಿಸ್ತಿರ್ತಾಳೆ ಅಂತ ಭಯ," ಎಂದಳು.

ಇಷ್ಟು ವರ್ಷ ಅವಳು ನನಗೆ ಹೆದರಿದ್ದಳೇ? ನಾನು ಮೊದಲಿನಿಂದ ನುಡಿಸಿದೆ. ಮುಚ್ಚಿದ ಅಡುಗೆಮನೆಯ ಬಾಗಿಲಾಚೆ ಇದೇ ಸದ್ದು ದಿನವೂ ಇತ್ತು. ಹಲ್ಲಿನಲ್ಲಿ ನೂಲು ಕಡಿಯುತ್ತಾ, "ಇನ್ನೊಂದ್ಸಲ ನುಡಿಸೇ," ಎಂದು ಅಮ್ಮ ಹೇಳುತ್ತಿದ್ದಳು. ಅದು ಅಕ್ಕನಿಗೆ ಹೇಳಿದ ಮಾತು ಎಂದುಕೊಂಡು ನಾನು ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಹಾಕುತ್ತಿದ್ದೆ. ದಿಂಬಿನ ಚೀಲದ ಮೂರೂ ಕಡೆ ಹೊಲಿದು ಮುಗಿಯಿತು. ನಾಲ್ಕನೆಯ ಕಡೆಯೂ ಹೊಲಿದುಹೋಯಿತು. ಸಂಜೆಯಾದರೂ ನನಗೆ ಆ ಮೂಲೆ ಒಲಿಯಲಿಲ್ಲ.

"ಭಾನುವಾರ ಬರದಿದ್ರೆ?" ಎಂದೆ.

"ಬರದಿದ್ರೆ ತಪ್ಪು ನುಡಿಸ್ತೀಯ. ನಾನು ಜೀವನಪೂರ್ತಿ ನುಡಿಸಿಲ್ವಾ?"

ಭಾನುವಾರ ದಂತವೈದ್ಯರು ಮೊದಲ ಸಾಲಿನಲ್ಲಿ ಹೆಂಡತಿಯೊಡನೆ ಕೂತು ನನ್ನತ್ತ ಕೈ ಬೀಸಿದರು. ಅಕ್ಕ ಕೊನೆಯಲ್ಲಿ ಮೈಕಿನ ಮುಂದೆ, "ಇವಳು ನನ್ನ ತಂಗಿ. ಇದನ್ನ ನನಗಿಂತ ಚೆನ್ನಾಗಿ ನುಡಿಸ್ತಾಳೆ," ಎಂದಷ್ಟೇ ಹೇಳಿದಳು. ಜನ ಅದನ್ನು ಅವಳ ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು.

ಶುರು ಮಾಡಿದೆವು. ಕೈ ತನ್ನ ಪಾಡಿಗೆ ಓಡತೊಡಗಿತು, ತಲೆಯೊಳಗೆ ಟಕ್ ಟಕ್ ಎಣಿಕೆ. ಆ ಜಾಗ ಹತ್ತಿರವಾದಾಗ ಕೆಳಗೆ ನೋಡಿದೆ. ಗಿಟಾರಿನ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಚಪ್ಪಲಿ ಕಳಚಿದ ಅಕ್ಕನ ಪಾದ ನೆಲದ ಮೇಲೆ ಪೆಡಲ್ ತುಳಿಯುತ್ತಿತ್ತು.

ಅದು ನಿಂತಿತು. ನಾನೂ ನಿಂತೆ, ಬೆರಳು ತಂತಿಯ ಮೇಲೇ ಇತ್ತು. ಎಣಿಸಲಿಲ್ಲ. ಅಮ್ಮ ಅವಸರವಿಲ್ಲದೆ ಕಾಲರ್ ತಿರುಗಿಸಿಕೊಂಡಳು, ಅಂಚು ಸರಿಮಾಡಿದಳು. ಆಮೇಲೆ ಮೂವರೂ ಹೊರಟೆವು.